ಸಂತ ಜೋಸೆಫ್ ವಾಜ್ ಅವರಿಂದ ಸುವಾರ್ತೆಯ ಹುಮ್ಮಸ್ಸು ಕಲಿಯುವುದು ಹೇಗೆ?

ಸುವಾರ್ತೆ ಸಾರುವ ಹುಮ್ಮಸ್ಸು ಬೇಕು ಅಂತ ನಮ್ಮಲ್ಲಿ ತುಂಬಾ ಜನರಿಗೆ ಆಸೆ ಇದೆ. ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ತೊಡಕು. ಒಳ್ಳೆಯ ಪ್ರಸಂಗ ಕೇಳಿದ ಭಾನುವಾರ ಮನಸ್ಸು ಉಕ್ಕುತ್ತದೆ. ಬುಧವಾರದ ಹೊತ್ತಿಗೆ ಮನೆ, ಕೆಲಸ, ಮಕ್ಕಳ ಪರೀಕ್ಷೆ ಅಂತ ಅದು ಮೂಲೆ ಸೇರಿರುತ್ತದೆ. ಉಕ್ಕಿದ ಮನಸ್ಸನ್ನೇ ನೆಚ್ಚಿಕೊಂಡರೆ ಹೀಗೇ ಆಗುವುದು.

ಹದಿನೇಳನೇ ಶತಮಾನದಲ್ಲಿ ಗೋವಾದಿಂದ ಲಂಕೆಗೆ ಹೋದ ಕಥೋಲಿಕ ಗುರು (ಪಾದ್ರಿ) ಸಂತ ಜೋಸೆಫ್ ವಾಜ್ ಅವರ ಬದುಕನ್ನು ಹತ್ತಿರದಿಂದ ನೋಡಿದರೆ ಬೇರೆ ಥರದ ಹುಮ್ಮಸ್ಸು ಕಾಣುತ್ತದೆ. ಒಂದು ಕಡೆ ಜನರಿಗೆ ಯಾರೂ ಇಲ್ಲ ಅಂತ ಅವರಿಗೆ ಗೊತ್ತಾಯಿತು. ಅದಕ್ಕೆ ತಮ್ಮ ಬದುಕನ್ನೇ ಹೊಂದಿಸಿಕೊಂಡರು, ಹೋದರು, ಸಾಯುವವರೆಗೂ ಅಲ್ಲೇ ಉಳಿದರು. ಅಷ್ಟೇ. ಆದರೆ ಆ 'ಅಷ್ಟೇ' ಒಳಗೆ ನಾವು ಕಲಿತು ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಗುರುಗಳು, ಸಿಸ್ಟರ್‌ಗಳು ಮಾತ್ರವಲ್ಲ, ನೌಕರಿ ಮಾಡುತ್ತಾ ಸಂಸಾರ ನಡೆಸುವವರೂ ಮಾಡುವಂಥದ್ದು. ಅದನ್ನೇ ಒಂದೊಂದು ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಮೊದಲು ಅವರ ಬದುಕನ್ನು ಓದಿ

ಸಂತರ ಚರಿತ್ರೆಯಲ್ಲಿ ನಾವು ಪವಾಡಗಳನ್ನು ಹುಡುಕುವುದೇ ಜಾಸ್ತಿ. ಈ ಸಲ ಬೇರೆ ಥರ ಓದಿ. ಅವರು ಯಾವಾಗ ಎಲ್ಲಿದ್ದರು, ಯಾಕೆ ಹೋದರು, ಹೋಗುವ ಮುಂಚೆ ಏನು ಮಾಡಿಕೊಂಡರು, ಕೆಲಸ ಕೆಟ್ಟಾಗ ಏನು ಮಾಡಿದರು ಅಂತ ನೋಡಿ.

ಜೋಸೆಫ್ ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವಾದ ಬೆನೌಲಿಮ್‌ನಲ್ಲಿ, ತಾಯಿಯ ಊರಿನಲ್ಲಿ. ತಂದೆಯ ಊರು ಸಾಂಕ್ವಾಳ. ಮನೆಮಾತು ಕೊಂಕಣಿ. ಪೋರ್ಚುಗೀಸ್, ಲ್ಯಾಟಿನ್ ಕಲಿತರು, 1676ರಲ್ಲಿ ಗುರುದೀಕ್ಷೆ ಪಡೆದರು. ಬಡವರ ಹಾಗೆ ಬದುಕಬೇಕು ಅಂತ ಬರಿಗಾಲಲ್ಲೇ ಓಡಾಡಲು ಶುರು ಮಾಡಿದರು. 1681ರಿಂದ 1684ರವರೆಗೆ ಕೆನರಾದಲ್ಲಿ, ಅಂದರೆ ನಮ್ಮ ಕರಾವಳಿಯಲ್ಲಿ ಸೇವೆ. ಆಮೇಲೆ ಹಳೆ ಗೋವಾದಲ್ಲಿ ಗುರುಗಳ ಒಂದು ಬಳಗ ಕಟ್ಟುವ ಕೆಲಸ. 1687ರಲ್ಲಿ ಶ್ರೀಲಂಕಾ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಸಾವು. ಆಗ ವಯಸ್ಸು 59. ಲಂಕೆಗೆ ಹೋದವರು ಮತ್ತೆ ಊರಿಗೆ ಬರಲೇ ಇಲ್ಲ.

1995ರಲ್ಲಿ ಪೋಪ್ ಎರಡನೇ ಜಾನ್ ಪೌಲ್ ಕೊಲಂಬೊದಲ್ಲಿ ಅವರನ್ನು ಪುನೀತರೆಂದು ಸಾರಿದರು, ಅದು ಸಂತ ಪದವಿಗೆ ಹಿಂದಿನ ಮೆಟ್ಟಿಲು. 2015ರ ಜನವರಿ 14ರಂದು ಅದೇ ಊರಿನ ಗಾಲ್ ಫೇಸ್ ಮೈದಾನದಲ್ಲಿ ಪೋಪ್ ಫ್ರಾನ್ಸಿಸ್ ಸಂತ ಪದವಿಗೇರಿಸಿದರು. ಅವತ್ತಿನ ಪ್ರಸಂಗದಲ್ಲಿ ಪೋಪರು ಮೂರು ಕಾರಣಕ್ಕೆ ಇವರನ್ನು ಮಾದರಿ ಅಂದರು: ಒಳ್ಳೆಯ ಗುರು, ಧರ್ಮ-ಧರ್ಮಗಳ ನಡುವಿನ ಗೋಡೆ ದಾಟಿ ಶಾಂತಿಗಾಗಿ ದುಡಿದವರು, ಸುವಾರ್ತೆಯ ಹುಮ್ಮಸ್ಸು ಇದ್ದವರು. ಈ ಮೂರನ್ನೂ ಒಟ್ಟಿಗೇ ಇಟ್ಟುಕೊಂಡು ಓದಿ. ಮೂರನೆಯದನ್ನು ಮಾತ್ರ ಕಿತ್ತು ತೆಗೆದರೆ ಅವರು ಅರ್ಥವಾಗುವುದಿಲ್ಲ.

ಯಾರಿಗೆ ಯಾರೂ ಇಲ್ಲ ಅಂತ ಹುಡುಕಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ಲಂಕೆಯ ಕರಾವಳಿ ಆಗ ಪೋರ್ಚುಗೀಸರ ಕೈತಪ್ಪಿ ಡಚ್ಚರ ಪಾಲಾಗಿತ್ತು. 1656ರಲ್ಲಿ ಕೊಲಂಬೊ ಬಿತ್ತು, 1658ರಲ್ಲಿ ಜಾಫ್ನಾ. ಡಚ್ಚರು ಕ್ಯಾಲ್ವಿನ್ ಪಂಥದವರು, ಅಂದರೆ ಪೋಪರನ್ನು ಒಪ್ಪದ ಪ್ರೊಟೆಸ್ಟಂಟ್ ಕ್ರೈಸ್ತರು. ಕಥೋಲಿಕ ಗುರುಗಳನ್ನು ಓಡಿಸಿದರು. ಗುರುವನ್ನು ಮನೆಯಲ್ಲಿ ಇಟ್ಟುಕೊಂಡರೆ ಮರಣದಂಡನೆ ಅಂತ ಆಜ್ಞೆ ಹೊರಡಿಸಿದರು. ಹತ್ತಿರ ಹತ್ತಿರ 30 ವರ್ಷ ಅಲ್ಲಿನ ಕಥೋಲಿಕರಿಗೆ ಬಲಿಪೂಜೆ (ಮಾಸ್) ಇಲ್ಲ, ಪಾಪನಿವೇದನೆ ಇಲ್ಲ, ಸಾಯುವವರ ಹತ್ತಿರ ಕೂತು ಪ್ರಾರ್ಥಿಸುವ ಗುರು ಇಲ್ಲ. ಈ ಸುದ್ದಿ ಗೋವಾಕ್ಕೂ ಬಂತು. ಎಷ್ಟೋ ಜನ ಕೇಳಿದರು, ಅಯ್ಯೋ ಪಾಪ ಅಂದರು. ಜೋಸೆಫ್ ವಾಜ್ ಅವರಿಗೆ ಮಾತ್ರ ಆ ಸುದ್ದಿ ತಲೆಯಿಂದ ಇಳಿಯಲೇ ಇಲ್ಲ.

ಒಂದು ವಿಷಯ ಗಮನಿಸಿ. ಅವರು ಮೊದಲು ಹುಡುಕಿಕೊಂಡು ಹೋಗಿದ್ದು ಹೊಸಬರನ್ನಲ್ಲ, ಆಗಲೇ ನಂಬಿಕೆಯಲ್ಲಿದ್ದು ಯಾರ ಕಣ್ಣಿಗೂ ಬೀಳದೆ ಉಳಿದವರನ್ನು. ನಮಗೂ ಶುರು ಅಲ್ಲೇ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ದೂರದ ಊರಿನ ಕನಸು ಆಮೇಲೆ ಕಾಣೋಣ.

ಈಗ ನೀವು ಮಾಡಬೇಕಾದದ್ದು. ಒಂದು ಹಾಳೆ ತಗೊಳ್ಳಿ. ನಿಮ್ಮ ಧರ್ಮಕೇಂದ್ರಕ್ಕೆ ಸೇರಿದವರಲ್ಲಿ ಯಾರ ಮನೆಗೆ ಯಾರೂ ಹೋಗುತ್ತಿಲ್ಲ ಅಂತ ಯೋಚಿಸಿ ಬರೆಯಿರಿ. ಹಾಸಿಗೆ ಹಿಡಿದವರು, ಅವರನ್ನು ಹಗಲು-ರಾತ್ರಿ ನೋಡಿಕೊಳ್ಳುತ್ತಾ ಮನೆಯಿಂದ ಹೊರಗೇ ಬರದವರು, ಭಾನುವಾರವೂ ಪಾಳಿ ಇರುವ ನರ್ಸ್‌ಗಳು ಮತ್ತು ಸೆಕ್ಯೂರಿಟಿ ಕೆಲಸದವರು, ಬೇರೆ ರಾಜ್ಯದಿಂದ ಬಂದು ಇಲ್ಲಿನ ಭಾಷೆ ಬಾರದೆ ಹಿಂದಿನ ಬೆಂಚಲ್ಲಿ ಕೂತು ಎದ್ದು ಹೋಗುವವರು, ಮದುವೆ ಮುರಿದ ಮೇಲೆ ಮುಖ ತೋರಿಸಲು ನಾಚಿಕೆಪಟ್ಟು ಚರ್ಚಿಗೆ ಬರುವುದನ್ನೇ ಬಿಟ್ಟವರು, ಯಾವುದೋ ಹಳೇ ಜಗಳದಲ್ಲಿ ಮುನಿಸಿಕೊಂಡು ದೂರವಾದವರು, ಜೈಲಿನಲ್ಲಿ ಇರುವವರು, ಅವರ ಮನೆಯವರು. ಹೆಸರು ಗೊತ್ತಿದ್ದರೆ ಹೆಸರೇ ಬರೆಯಿರಿ. 'ಯುವಜನರು', 'ಬಡವರು' ಅಂತ ಗುಂಪಾಗಿ ಬರೆದರೆ ಯಾವ ಮನೆಯ ಬಾಗಿಲೂ ತಟ್ಟುವುದಿಲ್ಲ.

ಗೊತ್ತಾಗದಿದ್ದರೆ ಫಾದರ್ ಹತ್ತಿರ ಕೇಳಿ. ವಾರ್ಡಿನ ಮನೆಗಳನ್ನು ನೋಡಿಕೊಳ್ಳುವ ಗುರ್ಕಾರರನ್ನು ಕೇಳಿ. ರೋಗಿಗಳಿಗೆ ಪರಮಪ್ರಸಾದ ಕೊಂಡೊಯ್ಯುವವರನ್ನು ಕೇಳಿ, ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಪಟ್ಟಿ ಉದ್ದ ಆಗುತ್ತದೆ. ಅದರಲ್ಲಿ ಒಬ್ಬರನ್ನು ಅಥವಾ ಒಂದು ಕುಟುಂಬವನ್ನು ಮಾತ್ರ ಆರಿಸಿಕೊಳ್ಳಿ. ಉಳಿದವರನ್ನು ಪ್ರಾರ್ಥನೆಯಲ್ಲಿ ನೆನೆಯಿರಿ.

ಬೇರೆ ಕೆಲಸ ಕೊಟ್ಟರೆ ಅದನ್ನೇ ಮನಸ್ಸಿಟ್ಟು ಮಾಡಿ

ಜೋಸೆಫ್ ವಾಜ್ ಲಂಕೆಗೆ ಹೋಗುತ್ತೇನೆ ಅಂತ ಕೇಳಿಕೊಂಡರು. ಮೇಲಿನವರು ಕಳಿಸಿದ್ದು ಕೆನರಾಕ್ಕೆ. ನಾವಾಗಿದ್ದರೆ? ಕೇಳಿದ್ದು ಸಿಗಲಿಲ್ಲ ಅಂತ ಅರ್ಧ ಮನಸ್ಸಿನಲ್ಲಿ ದಿನ ತಳ್ಳುತ್ತಿದ್ದೆವು ಅಲ್ವಾ?

ಆಗ ಇಲ್ಲಿ ಕೆಳದಿಯ ರಾಣಿ ಚೆನ್ನಮ್ಮ ಆಳುತ್ತಿದ್ದ ಕಾಲ. ಗೋವಾದಿಂದ ವಲಸೆ ಬಂದ ಕೊಂಕಣಿ ಕ್ರೈಸ್ತರು ಕರಾವಳಿಯುದ್ದಕ್ಕೂ ಚದುರಿ ಹೋಗಿದ್ದರು. ಗುರುಗಳು ಸಾಕಷ್ಟು ಇರಲಿಲ್ಲ. ಅದರ ಮೇಲೆ ಧರ್ಮಸಭೆಯ ಒಳಗೇ ಒಂದು ಜಗಳ. ಈ ಸೀಮೆ ಗೋವಾದ ಪೋರ್ಚುಗೀಸ್ ಆಡಳಿತಕ್ಕೆ ಸೇರಿದ್ದೋ, ರೋಮ್ ನೇರವಾಗಿ ನೇಮಿಸಿದ ಬಿಷಪ್ ಥಾಮಸ್ ಡಿ ಕಾಸ್ಟ್ರೋ ಅವರಿಗೆ ಸೇರಿದ್ದೋ ಅಂತ. ಭಕ್ತರೂ ಎರಡು ಪಾಲಾಗಿದ್ದರು. ವಾಜ್ ಅವರನ್ನು ಗೋವಾದ ಕಡೆಯವರೇ ಕಳಿಸಿದ್ದರು, ಆದರೂ ಅವರು ಜಗಳಕ್ಕೆ ತುಪ್ಪ ಸುರಿಯಲಿಲ್ಲ. ಬಿಷಪ್ಪರಿಗೆ ಗೌರವ ಕೊಟ್ಟು, ರಾಜಿಯ ದಾರಿ ಹುಡುಕುತ್ತಾ, ತಮ್ಮ ಪಾಡಿಗೆ ಜನರ ಮಧ್ಯೆ ಓಡಾಡಿದರು. ಮಂಗಳೂರು, ಮೂಲ್ಕಿ, ಕಲ್ಯಾಣಪುರ, ಬಸ್ರೂರು, ಗಂಗೊಳ್ಳಿ ಅಂತ ನಡೆದೇ ಊರೂರು ಸುತ್ತಿದರು. ಚರ್ಚುಗಳನ್ನು ಎತ್ತಿ ನಿಲ್ಲಿಸಿದರು, ಮಕ್ಕಳಿಗೆ ಶಾಲೆ ತೆರೆದರು. ಇವತ್ತಿಗೂ ಮಂಗಳೂರಿನ ಹತ್ತಿರ ಮುಡಿಪು ಗುಡ್ಡದ ಮೇಲೆ ಅವರ ಹೆಸರಿನ ಪುಣ್ಯಕ್ಷೇತ್ರಕ್ಕೆ ಜನ ಹತ್ತಿ ಹೋಗುತ್ತಾರೆ.

ಮುಂದೆ ಲಂಕೆಯಲ್ಲಿ ಬೇಕಾದ ಎಲ್ಲವನ್ನೂ ಅವರು ಇಲ್ಲೇ ರೂಢಿ ಮಾಡಿಕೊಂಡರು ಅಂತ ನನಗೆ ಅನ್ನಿಸುತ್ತದೆ: ದೂರ ನಡೆಯುವುದು, ಚದುರಿದ ಮನೆಗಳನ್ನು ಹುಡುಕುವುದು, ಗುಂಪುಗಾರಿಕೆಯ ನಡುವೆ ಕಹಿಯಾಗದೆ ಇರುವುದು.

ಹಾಗಾಗಿ, ನಿಮಗೆ ಯುವಜನರ ಜೊತೆ ಕೆಲಸ ಮಾಡುವ ಆಸೆ ಇದ್ದು, ಫಾದರ್ ನಿಮ್ಮನ್ನು ಸ್ಮಶಾನದ ಉಸ್ತುವಾರಿ ನೋಡಿಕೊಳ್ಳಿ ಅಂದರೆ, ಒಪ್ಪಿಕೊಳ್ಳಿ. ಆದರೆ ಆಸೆಯನ್ನು ಬಿಡಬೇಡಿ, ಆಗಾಗ ನೆನಪಿಸುತ್ತಿರಿ. ವಾಜ್ ಕೂಡ ಲಂಕೆಯನ್ನು ಮರೆತಿರಲಿಲ್ಲ.

ಪ್ರಾರ್ಥನೆಗೆ ಹೊತ್ತು ಗೊತ್ತು ಮಾಡಿ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. 1677ರ ಆಗಸ್ಟ್ 5ರಂದು ಸಾಂಕ್ವಾಳದಲ್ಲಿ ಜೋಸೆಫ್ ವಾಜ್ ತಮ್ಮನ್ನು ಮಾತೆ ಮರಿಯಮ್ಮನವರಿಗೆ ಗುಲಾಮನಾಗಿ ಒಪ್ಪಿಸಿಕೊಂಡು ಒಂದು ಪತ್ರ ಬರೆದುಕೊಟ್ಟರು. ಆಮೇಲಿನ ಎಲ್ಲ ಅಲೆದಾಟಕ್ಕೆ ಬೇರು ಅದು. ನೀವೂ ಪಟ್ಟಿಯಿಂದ ಆರಿಸಿಕೊಂಡ ಹೆಸರನ್ನು ದಿನವೂ ಜಪಸರದ ಒಂದು ದಶಕದಲ್ಲಿ, ಅಂದರೆ ಹತ್ತು ಮಣಿಯ ಪ್ರಾರ್ಥನೆಯಲ್ಲಿ, ಹೇಳಿ. ಹೊತ್ತು ಒಂದೇ ಇರಲಿ. ಬಸ್ಸಿನಲ್ಲಿ ಆದರೂ ಸರಿ. ಅವರ ಮನೆಗೆ ಹೋಗುವ ಮುಂಚೆ ಕೆಲವು ವಾರ ಹೀಗೆ ಪ್ರಾರ್ಥಿಸಿದರೆ, ಬಾಗಿಲು ತೆರೆದಾಗ ನೀವು ಅಪರಿಚಿತರ ಹಾಗೆ ಮಾತಾಡುವುದಿಲ್ಲ.

ಒಬ್ಬರೇ ಹೊರಡಬೇಡಿ

ಸಂತರು ಅಂದರೆ ಒಂಟಿಯಾಗಿ ಎಲ್ಲ ಮಾಡಿದವರು ಅನ್ನುವ ಚಿತ್ರ ನಮ್ಮ ತಲೆಯಲ್ಲಿದೆ. ಇವರ ಕಥೆ ಹಾಗಿಲ್ಲ. ಕೆನರಾದಿಂದ ಗೋವಾಕ್ಕೆ ಮರಳಿದ ಮೇಲೆ 1685ರಲ್ಲಿ ಅವರು ಹಳೆ ಗೋವಾದ ಸಾಂತಾ ಕ್ರೂಜ್ ದೊಸ್ ಮಿಲಾಗ್ರೆಸ್ ಚರ್ಚಿನಲ್ಲಿ ಒಟ್ಟಿಗೆ ಬದುಕುತ್ತಿದ್ದ ಗೋವನ್ ಗುರುಗಳ ಪುಟ್ಟ ಬಳಗಕ್ಕೆ ಸೇರಿದರು. ಅವರನ್ನೇ ಆ ಬಳಗ ಮುಖ್ಯಸ್ಥರನ್ನಾಗಿ ಆರಿಸಿತು. ಆ ಕಾಲದ ಯುರೋಪಿಯನ್ ಗುರುಗಳ ಸಂಘಗಳು ನಮ್ಮ ನೆಲದ ಗುರುಗಳನ್ನು ಸೇರಿಸಿಕೊಳ್ಳುತ್ತಿದ್ದದ್ದು ಬಹಳ ಅಪರೂಪ. ಹಾಗಾಗಿ ಈ ಬಳಗ ಸಂತ ಫಿಲಿಪ್ ನೇರಿಯವರ ಓರೆಟರಿಯ (ಒಟ್ಟಿಗೆ ಬದುಕುವ ಗುರುಗಳ ಬಳಗ) ರೀತಿಯಲ್ಲಿ ತಾನೇ ಒಂದು ಮನೆ ಕಟ್ಟಿಕೊಂಡಿತು.

ಲಂಕೆಯ ಕೆಲಸಕ್ಕೆ ಮುಂದೆ ಆಳು ಬಂದದ್ದು ಆ ಮನೆಯಿಂದಲೇ. ಅವರು ಲಂಕೆಯಲ್ಲಿ ಕೆಲವು ವರ್ಷ ಒಬ್ಬರೇ ಗುರುವಾಗಿ ಒದ್ದಾಡಿದರು ನಿಜ. ಆದರೆ ಹಿಂದೆ ಒಂದು ಬಳಗ ಇತ್ತು, ಗುರುಗಳು ಒಬ್ಬೊಬ್ಬರಾಗಿ ಬರತೊಡಗಿದರು. ಅವರ ಸೋದರಳಿಯ ಜೋಸೆಫ್ ಕಾರ್ವಾಲೊ ಬಂದರು. 1705ರಲ್ಲಿ ಜಾಕೋಮ್ ಗೊನ್ಸಾಲ್ವಿಸ್ ಬಂದರು. ವಾಜ್ ತೀರಿಕೊಂಡ ಮೇಲೂ ಕೆಲಸ ನಿಲ್ಲದ್ದಕ್ಕೆ ಕಾರಣ ಇದೇ.

ನೀವು ಮಾಡಬೇಕಾದದ್ದು ಸಣ್ಣದು. ಇನ್ನೊಬ್ಬರನ್ನೋ ಇಬ್ಬರನ್ನೋ ಜೊತೆ ಮಾಡಿಕೊಳ್ಳಿ. ಮೊದಲು ಒಟ್ಟಿಗೆ ಪ್ರಾರ್ಥನೆ, ಆಮೇಲೆ ಕೆಲಸ. ಹೆಸರು, ಲೆಟರ್‌ಹೆಡ್, ಪದಾಧಿಕಾರಿಗಳು ಯಾವುದೂ ಈಗ ಬೇಡ. ಫಾದರ್‌ಗೆ ಮಾತ್ರ ತಿಳಿಸಿ ಹೊರಡಿ. ಮನೆಗಳಿಗೆ ಯಾವಾಗಲೂ ಇಬ್ಬರು ಹೋಗಿ. ಮಕ್ಕಳು, ಒಂಟಿ ಹೆಂಗಸರು, ವಯಸ್ಸಾದವರು ಇರುವ ಮನೆಗಳಲ್ಲಂತೂ ಇದು ಬೇಕೇ ಬೇಕು.

ಅವರ ಭಾಷೆ ಕಲಿಯಿರಿ

ಕೊಂಕಣಿ ಮಾತಾಡುವ ಗುರು ಜಾಫ್ನಾಕ್ಕೆ ಹೋಗಿ ತಮಿಳು ಕಲಿತರು. ಕ್ಯಾಂಡಿಯಲ್ಲಿ ಪೋರ್ಚುಗೀಸ್ ಗೂಢಚಾರ ಅನ್ನುವ ಅನುಮಾನದ ಮೇಲೆ ಅವರನ್ನು ಸೆರೆಯಲ್ಲಿಟ್ಟಾಗ, ಆ ಹೊತ್ತನ್ನು ಸಿಂಹಳ ಕಲಿಯಲು ಬಳಸಿಕೊಂಡರು. ಆಮೇಲೆ ಪ್ರಾರ್ಥನೆಗಳನ್ನು, ಧರ್ಮೋಪದೇಶವನ್ನು ಈ ಎರಡೂ ಭಾಷೆಗೆ ತಂದರು. ಅವರ ಹಿಂದೆ ಬಂದ ಜಾಕೋಮ್ ಗೊನ್ಸಾಲ್ವಿಸ್ ಇನ್ನೂ ಮುಂದೆ ಹೋಗಿ ಸಿಂಹಳ, ತಮಿಳಿನಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದರು. ಸಿಂಹಳದ ಕ್ರೈಸ್ತ ಸಾಹಿತ್ಯ ಅಂದರೆ ಮೊದಲು ಬರುವ ಹೆಸರು ಅವರದೇ.

ನಿಮ್ಮ ಪಟ್ಟಿಯಲ್ಲಿರುವವರು ಬೇರೆ ಭಾಷೆಯವರಾದರೆ, ಶುರುವಿಗೆ ಕ್ಷೇಮ ವಿಚಾರಿಸುವ ನಾಲ್ಕು ಮಾತು ಮತ್ತು ಪರಲೋಕ ಮಂತ್ರ, ಇಷ್ಟನ್ನು ಅವರ ಭಾಷೆಯಲ್ಲಿ ಕಲಿಯಿರಿ. ಅವರನ್ನೇ ಗುರು ಮಾಡಿಕೊಂಡು ಕಲಿತರೆ ಇನ್ನೂ ಚೆನ್ನ. ಕಲಿಸುವವರ ಮುಖದಲ್ಲಿ ಒಂದು ಗೆಲುವು ಬರುತ್ತದೆ, ಇಷ್ಟು ದಿನ ಎಲ್ಲರಿಂದ ಬರೀ ಸಹಾಯ ತಗೊಳ್ಳುತ್ತಿದ್ದವರು ಈಗ ಕೊಡುವವರಾಗುತ್ತಾರೆ. ಭಾಷೆ ಒಂದೇ ಆಗಿದ್ದರೂ ಕಲಿಯುವುದಿದೆ. ಹದಿನೇಳರ ಹುಡುಗ, ಮಗ ತೀರಿಹೋದ ತಾಯಿ, ಕುಡಿತ ಬಿಡಲು ಹೆಣಗುತ್ತಿರುವ ಗಂಡಸು, ಇವರ ಹತ್ತಿರ ನಮ್ಮ ಪ್ರಾರ್ಥನಾ ಕೂಟದ ಮಾತುಗಳು ನಡೆಯುವುದಿಲ್ಲ. ಅವರು ಯಾವ ಮಾತು ಬಳಸುತ್ತಾರೆ ಅಂತ ಸುಮ್ನೆ ಕೇಳಿಸಿಕೊಳ್ಳಿ.

ಬಾಗಿಲಿಗೆ ಹೋಗುವ ರೀತಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಅವರ ಇಡೀ ಬದುಕಿನಲ್ಲಿ ನನ್ನನ್ನು ತುಂಬಾ ಹಿಡಿದು ನಿಲ್ಲಿಸಿದ ಭಾಗ ಇದು.

1686ರಲ್ಲಿ ಜೋಸೆಫ್ ವಾಜ್ ಗೋವಾ ಬಿಟ್ಟರು. ಜೊತೆಗೆ ಜುವಾಂವ್ ಅನ್ನುವ ಸೇವಕ. ದಕ್ಷಿಣಕ್ಕೆ ಬಂದು ತೂತ್ತುಕುಡಿಯಲ್ಲಿ ದೋಣಿ ಹತ್ತಿದರು. ಗುರುವಿನ ನಿಲುವಂಗಿ ಇಲ್ಲ, ಕೂಲಿಯವನ ಬಟ್ಟೆ. ಕಡಲಲ್ಲಿ ಬಿರುಗಾಳಿ. ಅಂತೂ 1687ರಲ್ಲಿ ಜಾಫ್ನಾ ಮುಟ್ಟುವ ಹೊತ್ತಿಗೆ ಇಬ್ಬರೂ ಸೋತು ಹೋಗಿದ್ದರು, ವಾಜ್ ಅವರಿಗೆ ರಕ್ತಭೇದಿ ಹಿಡಿದಿತ್ತು. ಆ ಊರಲ್ಲಿ ಯಾರು ಕಥೋಲಿಕರು ಅಂತ ಗೊತ್ತಿಲ್ಲ. ಬಾಯಿಬಿಟ್ಟು ಕೇಳುವ ಹಾಗಿಲ್ಲ. ಕೇಳಿದರೆ ತಾವೂ ಸಿಕ್ಕಿಬೀಳುತ್ತಾರೆ, ಉತ್ತರ ಹೇಳಿದವರೂ ಸಿಕ್ಕಿಬೀಳುತ್ತಾರೆ.

ಆಗ ಅವರು ಮಾಡಿದ್ದು ಇಷ್ಟು. ಜಪಸರವನ್ನು ಕುತ್ತಿಗೆಗೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಭಿಕ್ಷೆ ಹಾಕಲು ಬಂದವರ ಕಣ್ಣನ್ನು ನೋಡುತ್ತಿದ್ದರು. ಜಪಸರ ಕಂಡಾಗ ಯಾರ ಕಣ್ಣು ಅಲ್ಲೇ ಒಂದು ಗಳಿಗೆ ನಿಲ್ಲುತ್ತದೆ ಅಂತ. ಹೀಗೆ ಹುಡುಕುತ್ತಾ ಒಂದು ಮನೆಯವರ ಗುರುತು ಹತ್ತಿತು. ತಕ್ಷಣ ನಾನು ಗುರು ಅಂತ ಹೇಳಿಕೊಳ್ಳಲಿಲ್ಲ. ಅವರನ್ನು ನಂಬಬಹುದು ಅಂತ ಖಾತ್ರಿಯಾದ ಮೇಲಷ್ಟೇ ಹೇಳಿದರು. ಹಾಗೆ ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಗಿ, ರಾತ್ರಿ ಹೊತ್ತು ಗುಟ್ಟಾಗಿ ಬಲಿಪೂಜೆ ಶುರುವಾಯಿತು. ಆಮೇಲೆ ಹತ್ತಿರದ ಸಿಲ್ಲಾಲೆ ಅನ್ನುವ ಹಳ್ಳಿ ಅವರಿಗೆ ನೆಲೆಯಾಯಿತು.

ಆ ಕುತ್ತಿಗೆಯ ಜಪಸರವನ್ನು ಯೋಚಿಸಿ. ಯಾರ ಮೇಲೂ ಒತ್ತಾಯ ಇಲ್ಲ. ನೋಡಬೇಕು ಅನ್ನಿಸಿದವರಿಗೆ ಕಾಣುತ್ತದೆ, ಬೇಡದವರು ಭಿಕ್ಷೆ ಹಾಕಿ ಒಳಗೆ ಹೋಗಬಹುದು. ಗುರು ಬಂದದ್ದು ಬೇಡುವವನಾಗಿ, ಕೊಡುವವನಾಗಿ ಅಲ್ಲ. ಆ ಮನೆಯವರು ಮೇಲೆ, ಇವರು ಅಂಗಳದಲ್ಲಿ.

ಇದನ್ನು ನಿಮ್ಮ ಮೊದಲ ಭೇಟಿಗೆ ಹೀಗೆ ಇಳಿಸಿಕೊಳ್ಳಬಹುದು. ಹೋಗುವ ಮುಂಚೆ ಫೋನ್ ಮಾಡಿ ಕೇಳಿ, ಯಾವ ಹೊತ್ತು ಅವರಿಗೆ ಅನುಕೂಲ ಅಂತ. ಕೈಯಲ್ಲಿ ಕರಪತ್ರದ ಕಟ್ಟು ಬೇಡ. ಹೋದವರು ನೀರು ಕೇಳಿ ಕುಡಿಯಿರಿ, ಕೊಟ್ಟ ಕಾಫಿ ಬೇಡ ಅನ್ನಬೇಡಿ. ಕೂತು ಅವರ ಮಾತು ಕೇಳಿ. ಚರ್ಚಿಗೆ ಯಾಕೆ ಬರುತ್ತಿಲ್ಲ ಅನ್ನುವ ಪ್ರಶ್ನೆ ಮೊದಲ ದಿನ ನಿಮ್ಮ ಬಾಯಿಂದ ಬರಲೇಬಾರದು. ಅವರಾಗಿ ಹೇಳಿಕೊಂಡರೆ ಕೇಳಿಸಿಕೊಳ್ಳಿ, ಸಮಜಾಯಿಷಿ ಕೊಡಲು ಹೋಗಬೇಡಿ. ಧರ್ಮಸಭೆಯವರಿಂದಲೇ ನೋವಾಗಿದೆ ಅಂದರೆ, ಕೇಳಿ ಬೇಜಾರಾಯಿತು ಅಂತ ಹೇಳಿ, ಅಷ್ಟು ಸಾಕು. ಹೊರಡುವಾಗ ಪ್ರಾರ್ಥನೆ ಮಾಡಲಾ ಅಂತ ಒಂದು ಸಲ ಕೇಳಿ. ಬೇಡ ಅಂದರೆ ನಗುತ್ತಾ ಸರಿ ಅನ್ನಿ. ಮತ್ತೆ ಬರಬಹುದಾ ಅಂತ ಕೇಳಿ. ಬರಬಹುದು ಅಂದರೆ ಹೇಳಿದ ದಿನಕ್ಕೆ ತಪ್ಪದೆ ಹೋಗಿ. ಆ ಎರಡನೇ ಭೇಟಿಯೇ ನಿಜವಾದ ಭೇಟಿ, ಯಾಕೆಂದರೆ ಮೊದಲ ಸಲ ಬಂದವರು ಎಷ್ಟೋ ಜನ ಇರುತ್ತಾರೆ, ಮರಳಿ ಬಂದವರು ತೀರಾ ಕಡಿಮೆ.

ನಮ್ಮವರು, ಬೇರೆಯವರು ಅಂತ ನೋಡದೆ ಸೇವೆ ಮಾಡಿ

1692ರಲ್ಲಿ ಜೋಸೆಫ್ ವಾಜ್ ಕ್ಯಾಂಡಿ ರಾಜ್ಯಕ್ಕೆ ಬಂದರು. ರಾಜ ಎರಡನೇ ವಿಮಲಧರ್ಮಸೂರಿಯ ಬೌದ್ಧ. ಶುರುವಿನಲ್ಲಿ ಅನುಮಾನ, ಸೆರೆ ಎಲ್ಲ ಆಯಿತು. ಆಮೇಲೆ ಬರಗಾಲದಲ್ಲಿ ಇವರ ಪ್ರಾರ್ಥನೆಗೆ ಮಳೆ ಬಂತು, ರಾಜನ ಮನಸ್ಸು ಕರಗಿತು ಅಂತ ಚರಿತ್ರೆಕಾರರು ಬರೆದಿದ್ದಾರೆ. ನಾನು ಹೆಚ್ಚು ಒತ್ತಿ ಹೇಳಬೇಕೆಂದಿರುವುದು 1697ರ ಸಿಡುಬಿನ ಬಗ್ಗೆ.

ಕ್ಯಾಂಡಿಗೆ ಸಿಡುಬು ಬಂತು. ಅನುಕೂಲ ಇದ್ದವರು ಊರು ಬಿಟ್ಟರು. ರೋಗ ತಗುಲಿದವರನ್ನು ಮನೆಯವರೇ ಕಾಡಿಗೆ ಬಿಟ್ಟು ಬರುತ್ತಿದ್ದರು. ಅವರನ್ನು ಕಲ್ಲೆದೆಯವರು ಅನ್ನುವ ಹಾಗಿಲ್ಲ, ಆ ರೋಗದ ಭಯ ಅಂಥದ್ದು. ಜೋಸೆಫ್ ವಾಜ್ ಮತ್ತು ಸೋದರಳಿಯ ಕಾರ್ವಾಲೊ ಇಬ್ಬರೂ ಊರಲ್ಲೇ ಉಳಿದರು. ಕಾಡಿನಲ್ಲಿ ಬಿದ್ದವರಿಗೆ ಗುಡಿಸಲು ಹಾಕಿಕೊಟ್ಟರು. ಊಟ, ಔಷಧ ಕೊಂಡೊಯ್ದರು. ಹುಣ್ಣು ತೊಳೆದರು. ಸತ್ತವರನ್ನು ಮಣ್ಣು ಮಾಡಿದರು. ರೋಗಿ ಕ್ರೈಸ್ತನೋ ಬೌದ್ಧನೋ ಅಂತ ವಿಚಾರಿಸಲಿಲ್ಲ. ಇದನ್ನೆಲ್ಲ ಕಂಡ ರಾಜ ಅವರಿಗೆ ತನ್ನ ರಾಜ್ಯದಲ್ಲಿ ಇನ್ನಷ್ಟು ಸ್ವಾತಂತ್ರ್ಯ ಕೊಟ್ಟ.

ಕಥೋಲಿಕ ಗುರುವನ್ನು ಬೇಟೆಯಾಡಿದ್ದು ಕ್ರೈಸ್ತರೇ ಆದ ಡಚ್ಚರು, ಆಸರೆ ಕೊಟ್ಟದ್ದು ಬೌದ್ಧ ರಾಜ. ಬೇರೆ ಧರ್ಮದವರ ಬಗ್ಗೆ ಮಾತಾಡುವಾಗ ನಾವು ಇದನ್ನು ಮರೆಯಬಾರದು. ಅವರಿಂದ ನಮ್ಮ ಸಂತರೊಬ್ಬರ ಜೀವ ಉಳಿದಿದೆ.

ಹಾಗಾಗಿ ಈ ಹೆಜ್ಜೆಯಲ್ಲಿ ನಾನು ಸ್ವಲ್ಪ ಖಡಾಖಂಡಿತವಾಗಿ ಬರೆಯುತ್ತೇನೆ. ಸೇವೆಯನ್ನು ಗಾಳವಾಗಿ ಬಳಸಬೇಡಿ. ಆಸ್ಪತ್ರೆಯಲ್ಲಿ ನರಳುತ್ತಿರುವವರ ಹಾಸಿಗೆ ಪಕ್ಕ ನಿಂತು, ನಮ್ಮ ಕೂಟಕ್ಕೆ ಬಂದರೆ ವಾಸಿಯಾಗುತ್ತದೆ ಅನ್ನುವ ಮಾತು ಬೇಡ. ಅಕ್ಕಿ ಕೊಟ್ಟು ಪ್ರಾರ್ಥನೆಗೆ ಕರೆಯುವುದು ಬೇಡ. ಬೇರೆಯವರ ದೇವರು, ಹಬ್ಬ, ಆಚಾರವನ್ನು ಹೀಯಾಳಿಸುವುದಂತೂ ಬೇಡವೇ ಬೇಡ. ಯಾರಾದರೂ, ನೀವು ಯಾಕೆ ಹೀಗೆ ಮಾಡುತ್ತೀರಿ ಅಂತ ಮನಸ್ಸಿನಿಂದ ಕೇಳಿದರೆ, ಯೇಸುವಿನ ಬಗ್ಗೆ ಮುಚ್ಚುಮರೆ ಇಲ್ಲದೆ, ಸಂತೋಷದಿಂದ ಹೇಳಿ. ಕೇಳಿದವರಿಗೆ ಹೇಳದೆ ಇರುವುದೂ ಸರಿಯಲ್ಲ.

ಕೈಗೆ ಸಿಗುವ ಕೆಲಸಗಳು ಬೇಕಾದಷ್ಟಿವೆ. ರಕ್ತದಾನ, ಆಸ್ಪತ್ರೆಯಲ್ಲಿ ಒಂಟಿಯಾಗಿರುವ ರೋಗಿಯ ಜೊತೆ ಒಂದು ರಾತ್ರಿ ಇರುವುದು, ಪಿಂಚಣಿ ಅರ್ಜಿ ತುಂಬಿಕೊಡುವುದು, ಯಾರೂ ಇಲ್ಲದವರ ಶವಸಂಸ್ಕಾರಕ್ಕೆ ಹೆಗಲು ಕೊಡುವುದು. ಒಂದನ್ನು ಹಿಡಿಯಿರಿ, ಬಿಡದೆ ಮಾಡಿ. ಫೋಟೋ ತೆಗೆದು ಗ್ರೂಪಿಗೆ ಹಾಕಬೇಡಿ, ಮಲಗಿದವರಿಗೆ ಮಾನ ಇರುತ್ತದೆ.

ಕೆಲಸವನ್ನು ಬೇರೆಯವರ ಕೈಗೆ ಕೊಡಿ

ಕರಾವಳಿಯ ಕಥೋಲಿಕರಿಗೆ 'ಗುರ್ಕಾರ್' ಅನ್ನುವ ಮಾತು ಹೊಸದಲ್ಲ. ವಾರ್ಡಿನ ಮನೆಗಳ ಕಷ್ಟಸುಖ ನೋಡುವವರು, ಚರ್ಚಿಗೂ ಮನೆಗೂ ಕೊಂಡಿಯಾದವರು. ಈ ಪದ್ಧತಿಯನ್ನು ಇಲ್ಲಿ ಶುರು ಮಾಡಿದವರು ಜೋಸೆಫ್ ವಾಜ್ ಅಂತಲೇ ಹೇಳುತ್ತಾರೆ. ಲಂಕೆಯಲ್ಲೂ ಹೀಗೇ. ಒಂದೊಂದು ಊರಿನ ಕ್ರೈಸ್ತರಿಗೆ 'ಮೂಪ್ಪು' ಅಂತ ಒಬ್ಬ ಹಿರಿಯ, ಪ್ರಾರ್ಥನೆ ನಡೆಸಲು, ಮಕ್ಕಳಿಗೆ ಕಲಿಸಲು 'ಅಣ್ಣಾವಿ'. ಗುರು ವರ್ಷಕ್ಕೊಮ್ಮೆ ಬಂದರೂ ನಡುವಿನ ದಿನಗಳಲ್ಲಿ ಪ್ರಾರ್ಥನೆ ನಿಲ್ಲುತ್ತಿರಲಿಲ್ಲ. ಗುರುವಿಲ್ಲದೆ ಜನ ಎಷ್ಟು ಒದ್ದಾಡಿದರು ಅಂತ ಕಣ್ಣಾರೆ ಕಂಡವರು ಅವರು. ತಾವೂ ಒಂದು ದಿನ ಇರುವುದಿಲ್ಲ ಅನ್ನುವ ಲೆಕ್ಕ ಇಟ್ಟುಕೊಂಡೇ ಕೆಲಸ ಮಾಡಿದರು. ಅವರಿಗೆ ಬಿಷಪ್ ಪದವಿಯ ಮಾತು ಬಂದಾಗ ಒಲ್ಲೆ ಅಂದರು.

ನೀವು ಭೇಟಿ ಕೊಡುತ್ತಿದ್ದವರು ಸ್ವಲ್ಪ ಚೇತರಿಸಿಕೊಂಡ ಮೇಲೆ, ಅವರಿಗೂ ಒಂದು ಕೆಲಸ ಕೊಡಿ. ಹಾಸಿಗೆಯಲ್ಲಿರುವ ಅಜ್ಜಿ ಇನ್ನೊಬ್ಬ ರೋಗಿಗೆ ದಿನಕ್ಕೊಂದು ಫೋನ್ ಮಾಡಬಹುದು. ಹೊರ ರಾಜ್ಯದ ಹುಡುಗ ಬಲಿಪೂಜೆಯಲ್ಲಿ ತನ್ನ ಭಾಷೆಯಲ್ಲಿ ಬೈಬಲ್ ವಾಚನ ಓದಬಹುದು. ವರ್ಷಕ್ಕೊಮ್ಮೆಯಾದರೂ ನಿಮ್ಮನ್ನೇ ಕೇಳಿಕೊಳ್ಳಿ: ನಾನು ಊರು ಬಿಟ್ಟರೆ ಈ ಕೆಲಸ ಯಾರು ಮಾಡುತ್ತಾರೆ? ಉತ್ತರ ಇಲ್ಲದಿದ್ದರೆ ಹೊಸ ಮನೆಗಳನ್ನು ಸೇರಿಸುವುದು ನಿಲ್ಲಿಸಿ, ಒಬ್ಬರನ್ನು ತಯಾರು ಮಾಡಿ.

ಕೆಟ್ಟ ದಿನ ಬಂದಾಗ

1689ರ ಕ್ರಿಸ್ಮಸ್ ಹೊತ್ತಿಗೆ ಜಾಫ್ನಾದ ಭಕ್ತರು ಗುಟ್ಟಾಗಿ ಬಲಿಪೂಜೆಗೆ ಅಣಿ ಮಾಡಿಕೊಂಡಿದ್ದರು. ಡಚ್ ಸೈನಿಕರು ಮನೆಗಳಿಗೆ ನುಗ್ಗಿದರು. ಗುರು ಸಿಗಲಿಲ್ಲ, ಭಕ್ತರು ಸಿಕ್ಕಿಬಿದ್ದರು, ಅವರಿಗೆ ಕಠಿಣ ಶಿಕ್ಷೆಯಾಯಿತು. ತಮ್ಮನ್ನು ಕಾಪಾಡಿದವರು ಏಟು ತಿಂದಿದ್ದಾರೆ ಅನ್ನುವ ಸಂಕಟ ಎಂಥದ್ದಿರಬೇಕು. ಜೋಸೆಫ್ ವಾಜ್ ಜಾಫ್ನಾ ಬಿಟ್ಟು ಪುತ್ತಲಂ ಕಡೆ ಹೋದರು, ಅಲ್ಲಿಂದ ಕ್ಯಾಂಡಿ. ಜಾಗ ಬದಲಾಯಿತು, ಕೆಲಸ ಅದೇ.

ನಮ್ಮ ಕೆಟ್ಟ ದಿನಗಳು ಅಷ್ಟು ಕೆಟ್ಟವಾಗಿರುವುದಿಲ್ಲ. ಬಾಗಿಲು ಹಾಕಿಕೊಳ್ಳುತ್ತಾರೆ, ಹಿಂದೆ ಆಡಿಕೊಳ್ಳುತ್ತಾರೆ, ಜೊತೆಯವರು ಬಿಟ್ಟು ಹೋಗುತ್ತಾರೆ. ಆಗ ಮಾಡಬೇಕಾದದ್ದು: ಒಂದು ವಾರ ಭೇಟಿ ನಿಲ್ಲಿಸಿ, ಪ್ರಾರ್ಥನೆ ನಿಲ್ಲಿಸಬೇಡಿ. ಫಾದರ್ ಹತ್ತಿರ ಮಾತಾಡಿ. ಒಂದು ಬಾಗಿಲು ಮುಚ್ಚಿದ್ದರೆ ಪಟ್ಟಿಯ ಮುಂದಿನ ಹೆಸರಿಗೆ ಹೋಗಿ. ನಿಮ್ಮಿಂದ ಯಾರಿಗಾದರೂ ತೊಂದರೆ ಆಗುತ್ತಿದೆ ಅಂತ ಗೊತ್ತಾದರೆ, ಅವರ ಕ್ಷೇಮವೇ ಮೊದಲು, ಹಿಂದೆ ಸರಿಯಿರಿ.

ಶುರು ಮಾಡಲು ಒಂಬತ್ತು ದಿನ

ಸಂತ ಜೋಸೆಫ್ ವಾಜ್ ಅವರ ಹಬ್ಬ ಜನವರಿ 16. ಜನವರಿ 7ರಿಂದ 15ರವರೆಗೆ ನೊವೇನ ಮಾಡಿದರೆ ಈ ಹೆಜ್ಜೆಗಳಿಗೆ ಒಳ್ಳೆ ಆರಂಭ. ಮೊದಲ ಮೂರು ದಿನ ಅವರ ಚರಿತ್ರೆ ಓದಿ, ಮನೆಯವರಿಗೂ ಓದಿ ಹೇಳಿ. ನಾಲ್ಕನೇ ದಿನ ಪಟ್ಟಿ ಬರೆಯಿರಿ. ಐದನೇ ದಿನ ಪಟ್ಟಿ ಹಿಡಿದುಕೊಂಡು ಪರಮಪ್ರಸಾದದ ಮುಂದೆ ಕೂತು ಒಂದು ಹೆಸರು ಆರಿಸಿ. ಆರು ಮತ್ತು ಏಳನೇ ದಿನ ಜೊತೆಗಾರರನ್ನು ಹುಡುಕಿ, ಫಾದರ್‌ಗೆ ತಿಳಿಸಿ. ಎಂಟನೇ ದಿನ ಪಾಪನಿವೇದನೆ. ಒಂಬತ್ತನೇ ದಿನ ಆ ಮನೆಗೆ ಫೋನ್ ಮಾಡಿ, ಯಾವತ್ತು ಬರಲಿ ಅಂತ ಕೇಳಿ.

ಈ ವರ್ಷದ ಜನವರಿ ಕಳೆದುಹೋಗಿದ್ದರೆ ಇನ್ನೊಂದು ಜನವರಿಗೆ ಕಾಯಬೇಡಿ. ನಾಳೆಯಿಂದ ಎಣಿಸಿದರೂ ಒಂಬತ್ತು ದಿನ ಒಂಬತ್ತೇ.